ಉಪ್ಪಿನ ಡಬ್ಬಿ ಕೊನೆಗೆ: ಕಿಡ್ನಿ ಸೋತ ಮೇಲೂ ಮಸಾಲೆ ಕೋಳಿ ತಿನ್ನುವ ಬಗೆ

29 ವರ್ಷ ನಾನು ಕೋಳಿಗೆ ಉಪ್ಪು ಹಾಕಿದ್ದು ಕೈ ಅಳತೆಯಲ್ಲಿ. ಮದ್ದೂರಿನ ಹತ್ತಿರ, ಹಳೇ ಮೈಸೂರು ರಸ್ತೆ ಪಕ್ಕದಲ್ಲಿ ನಮ್ಮದೊಂದು ಸಣ್ಣ ಮಿಲಿಟರಿ ಹೋಟೆಲ್. ಬೆಳಗ್ಗೆ ನಾಲ್ಕೂವರೆಗೆ ಒಲೆ ಹಚ್ಚಿದರೆ ಮಧ್ಯಾಹ್ನ ಮೂರರ ಹೊತ್ತಿಗೆ ಇಪ್ಪತ್ತು ಕೆಜಿ ಕೋಳಿ ಖಾಲಿ. ಪಾತ್ರೆ ಇಳಿಸುವ ಮುಂಚೆ ಅಂಗೈ ಮೇಲೆ ಎರಡು ಹನಿ ಸಾರು ಬಿಟ್ಟುಕೊಂಡು ನೆಕ್ಕುತ್ತಿದ್ದೆ. ಇನ್ನೆಷ್ಟು ಉಪ್ಪು ಬೇಕು ಅನ್ನುವುದು ನಾಲಿಗೆಗೆ ಗೊತ್ತಾಗಿಬಿಡುತ್ತಿತ್ತು.

2023ರಲ್ಲಿ ದಶಪಥ ರಸ್ತೆ ಬಂತು. ಕಾರುಗಳೆಲ್ಲ ಊರಾಚೆಯಿಂದಲೇ ಹಾರಿಹೋದವು, ವ್ಯಾಪಾರ ಅರ್ಧಕ್ಕೆ ಇಳಿಯಿತು. ಅದೇ ವರ್ಷ ನನ್ನ ಕಾಲು ಊದಿಕೊಳ್ಳಲು ಶುರುವಾಯಿತು. ಸಂಜೆ ಚಪ್ಪಲಿ ಬಿಟ್ಟರೆ ಪಟ್ಟಿಯ ಗುರುತು ಪಾದದ ಮೇಲೆ ಅಚ್ಚೊತ್ತಿದ ಹಾಗೆ ಕೂತಿರುತ್ತಿತ್ತು. ರಕ್ತ ಪರೀಕ್ಷೆ ಮಾಡಿಸಿದರೆ ಕಿಡ್ನಿ ಸೋಸಿ ಹೊರಹಾಕಬೇಕಾದ ಕಸ, ಕ್ರಿಯಾಟಿನಿನ್, 2.4; ಕಿಡ್ನಿ ಎಷ್ಟು ಸೋಸುತ್ತಿದೆ ಅಂತ ಹೇಳುವ ಇಜಿಎಫ್‌ಆರ್ 30. ಕಿಡ್ನಿ ಸೋತಿತ್ತು. ಬಿಪಿ ಹತ್ತು ವರ್ಷದಿಂದ ಇತ್ತು, ಮಾತ್ರೆಯನ್ನು ನೆನಪಾದಾಗ ನುಂಗುತ್ತಿದ್ದೆ. ಯಾರನ್ನು ಬೈಯಲಿ?

ಡಯಟಿಷಿಯನ್ ಮೇಡಂ ಕೊಟ್ಟ ಹಾಳೆಯಲ್ಲಿ 'ಕೋಳಿ: ಮಿತವಾಗಿ, ಉಪ್ಪು ಕಡಿಮೆ' ಅಂತ ಒಂದೇ ಸಾಲು. ನನ್ನ ಹೆಂಡತಿ ಅದನ್ನು ಅಕ್ಷರಕ್ಕೆ ಅಕ್ಷರ ಪಾಲಿಸಿದಳು. ಎರಡು ತುಂಡು ಕೋಳಿಯನ್ನು ಅರಿಶಿನದ ನೀರಿನಲ್ಲಿ ಬೇಯಿಸಿ ತಟ್ಟೆಗಿಟ್ಟಳು. ಹತ್ತಿ ಅಗಿದ ಹಾಗಿತ್ತು. ಒಂದು ತಿಂಗಳು ಹಾಗೇ ತಿಂದೆ. ಆಮೇಲೆ, ಇಷ್ಟು ವರ್ಷ ಊರವರಿಗೆಲ್ಲ ರುಚಿ ಮಾಡಿ ಹಾಕಿದವನು ನನಗೆ ನಾನು ಮಾಡಿಕೊಳ್ಳಲಾರೆನೇ ಅನ್ನಿಸಿ ಒಲೆ ಮುಂದೆ ನಿಂತೆ. ಅಲ್ಲಿಂದ ಇಲ್ಲಿಯವರೆಗೆ ಕಲಿತದ್ದನ್ನು ಬರೆಯುತ್ತಿದ್ದೇನೆ. ನನ್ನ ಅಳತೆ ನನ್ನ ರಿಪೋರ್ಟಿನದು. ನಿಮ್ಮ ಅಳತೆಯನ್ನು ನಿಮ್ಮ ಡಾಕ್ಟರಿಂದಲೇ ಕೇಳಿಕೊಳ್ಳಿ.

ಮೊದಲು ತಕ್ಕಡಿ

ಅಡುಗೆಮನೆಗೆ ಒಂದು ಸಣ್ಣ ಡಿಜಿಟಲ್ ತಕ್ಕಡಿ ತನ್ನಿ. ಕಣ್ಣಳತೆಯನ್ನು ನಂಬಬೇಡಿ. ಕಣ್ಣಳತೆಯಲ್ಲೇ ಬದುಕಿದವನು ನಾನು, ನನ್ನ ಮಾತು ಕೇಳಿ.

ಡಯಾಲಿಸಿಸ್ ಇಲ್ಲದ ಕಿಡ್ನಿ ರೋಗಿಗೆ ಸಾಮಾನ್ಯವಾಗಿ ಕೆಜಿ ತೂಕಕ್ಕೆ 0.8 ಗ್ರಾಂ ಪ್ರೋಟೀನ್ ಅನ್ನುತ್ತಾರೆ. ಕೆಲವರಿಗೆ ಇನ್ನೂ ಕಡಿಮೆ ಹೇಳುವುದುಂಟು. ನಾನು 62 ಕೆಜಿ ಇದ್ದೇನೆ, ಅಂದರೆ ದಿನಕ್ಕೆ 50 ಗ್ರಾಂ. ಇಡ್ಲಿ, ಅನ್ನ, ಬೇಳೆ, ಹಾಲು, ಮಜ್ಜಿಗೆ ಅಂತ ಮೂವತ್ತೈದು ಗ್ರಾಂ ಹಾಗೇ ಮುಗಿದುಹೋಗುತ್ತದೆ. ಕೋಳಿಗೆ ಉಳಿಯುವುದು ಹದಿನೈದು. ಮೂಳೆ, ಚರ್ಮ ತೆಗೆದ ಹಸಿ ಕೋಳಿ ನೂರು ಗ್ರಾಮಿನಲ್ಲಿ ಸುಮಾರು 20 ಗ್ರಾಂ ಪ್ರೋಟೀನ್ ಇರುತ್ತದೆ. ಹಾಗಾಗಿ ನನ್ನ ಪಾಲು 70ರಿಂದ 75 ಗ್ರಾಂ ಹಸಿ ಮಾಂಸ. ನೆಲ್ಲಿಕಾಯಿ ಗಾತ್ರದ ನಾಲ್ಕೈದು ತುಂಡು.

ಇಲ್ಲಿ ಎಲ್ಲರೂ ಎಡವುತ್ತಾರೆ. 100 ಗ್ರಾಂ ಹಸಿ ಕೋಳಿ ಬೆಂದ ಮೇಲೆ 70-75 ಗ್ರಾಮಿಗೆ ಕುಗ್ಗುತ್ತದೆ. ಬೆಂದದ್ದನ್ನು 75 ಗ್ರಾಂ ತೂಗಿ ತಿಂದರೆ ಹಸಿಯಲ್ಲಿ ನೂರು ತಿಂದ ಹಾಗೆ. ಹಸಿಯಲ್ಲೇ ತೂಗಿ, ಮೂಳೆ ಬಿಟ್ಟು ತೂಗಿ.

ನನ್ನ ಭಾವಮೈದನ ಲೆಕ್ಕ ಪೂರಾ ಉಲ್ಟಾ. ಅವನಿಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್. ಅಲ್ಲಿ ಪ್ರೋಟೀನ್ ಸೋರಿಹೋಗುವುದರಿಂದ ಕೆಜಿಗೆ 1ರಿಂದ 1.2 ಗ್ರಾಂ ಬೇಕು ಅಂತ ಅವನ ಡಾಕ್ಟರು ಹೇಳಿದ್ದಾರೆ. ಒಂದೇ ಮನೆಯಲ್ಲಿ ಊಟಕ್ಕೆ ಕೂತರೆ ಅವನಿಗೆ ನನ್ನ ಎರಡರಷ್ಟು ತುಂಡು. 'ಭಾವ, ಬೇಜಾರ್ ಮಾಡ್ಕೋಬೇಡಿ' ಅನ್ನುತ್ತಾ ನನ್ನ ಕಣ್ಣೆದುರೇ ತಿನ್ನುತ್ತಾನೆ. ಆದರೆ ಅವನಿಗೆ ನೀರಿನ ಮಿತಿ ಇದೆ. ಸಾರು ಸುರಿದುಕೊಂಡರೆ ಅದೂ ನೀರಿನ ಲೆಕ್ಕಕ್ಕೇ ಬರುತ್ತದೆ. ಅಲ್ಲಿಗೆ ಸರಿಹೋಯಿತು ಬಿಡಿ.

ಅಂಗಡಿಯಿಂದ ಏನು ತರಬೇಕು, ಏನು ಬಿಡಬೇಕು

ಸೂಪರ್ ಮಾರ್ಕೆಟ್‌ನಲ್ಲಿ ಮಸಾಲೆ ಸವರಿದ ಕೋಳಿಯ ಪ್ಯಾಕೆಟ್ ಸಿಗುತ್ತದೆ. ತಂದೂರಿ, ಪೆಪ್ಪರ್, ಕಬಾಬ್ ಅಂತ ಹೆಸರು. ಬಾಣಲೆಗೆ ಹಾಕಿದರೆ ಹತ್ತು ನಿಮಿಷದ ಕೆಲಸ. ನಮ್ಮಂಥವರು ಅದನ್ನು ಮುಟ್ಟದಿರುವುದೇ ಒಳ್ಳೆಯದು. ಉಪ್ಪು ಜಾಸ್ತಿ ಅನ್ನುವುದು ಒಂದು ಕಾರಣ. ಪ್ಯಾಕೆಟ್ ಹಿಂದೆ ಸೋಡಿಯಂ ಎಷ್ಟು ಮಿಲಿಗ್ರಾಂ ಅಂತ ಬರೆದಿರುತ್ತಾರೆ, ಅದನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪಿನ ಲೆಕ್ಕ ಸಿಗುತ್ತದೆ. 600 ಅಂತಿದ್ದರೆ ಒಂದೂವರೆ ಗ್ರಾಂ ಉಪ್ಪು.

ಇನ್ನೊಂದು ಕಾರಣ ನನಗೂ ಗೊತ್ತಿರಲಿಲ್ಲ. ಮಾಂಸದಲ್ಲಿ ನೀರು ನಿಲ್ಲಲಿ, ಮೆತ್ತಗಿರಲಿ ಅಂತ ಕೆಲವದಕ್ಕೆ ಫಾಸ್ಫೇಟ್ ಸೇರಿಸುತ್ತಾರೆ. ಕೋಳಿಯಲ್ಲಿ ಹುಟ್ಟಿನಿಂದಲೇ ಇರುವ ಫಾಸ್ಫರಸ್‌ನಲ್ಲಿ ದೇಹ ಹೀರಿಕೊಳ್ಳುವುದು ಸುಮಾರು ಅರ್ಧ. ಹೀಗೆ ಮೇಲಿಂದ ಸೇರಿಸಿದ್ದನ್ನು ಹತ್ತರಲ್ಲಿ ಒಂಬತ್ತು ಪಾಲು ಹೀರಿಕೊಳ್ಳುತ್ತದೆ. ಸೋತ ಕಿಡ್ನಿಗೆ ಅದನ್ನು ಹೊರಗೆ ಹಾಕಲು ಆಗುವುದಿಲ್ಲ. ಮೈ ತುರಿಕೆ, ಮೂಳೆ ಸವೆತ ಎಲ್ಲ ಅದರ ಹಿಂದೆಯೇ ಬರುತ್ತವೆ. ಫಾಸ್ಫರಸ್ ಎಷ್ಟಿದೆ ಅಂತ ಪ್ಯಾಕೆಟ್ ಮೇಲೆ ಸಾಮಾನ್ಯವಾಗಿ ಬರೆದಿರುವುದಿಲ್ಲ. ಪದಾರ್ಥಗಳ ಪಟ್ಟಿಯಲ್ಲಿ 'ಫಾಸ್ಫೇಟ್' ಅನ್ನುವ ಮಾತೋ, ಐಎನ್‌ಎಸ್ (ಆಹಾರಕ್ಕೆ ಮೇಲಿಂದ ಸೇರಿಸುವ ಪದಾರ್ಥಗಳ ಗುರುತಿನ ಸಂಖ್ಯೆ) 339, 340, 450, 451, 452 ಅನ್ನುವ ನಂಬರೋ ಇದೆಯಾ ನೋಡಿ. ಇದ್ದರೆ ವಾಪಸ್ ಇಟ್ಟುಬಿಡಿ. ನಾನು ಈ ಐದು ನಂಬರನ್ನು ಚೀಟಿಯಲ್ಲಿ ಬರೆದು ಪರ್ಸಿನಲ್ಲಿ ಇಟ್ಟುಕೊಂಡಿದ್ದೇನೆ.

ನಮ್ಮ ಪುಣ್ಯಕ್ಕೆ ನಮ್ಮ ಊರುಗಳಲ್ಲಿ ಇನ್ನೂ ಕೋಳಿ ಅಂಗಡಿಗಳಿವೆ. ಕಣ್ಣೆದುರು ಕತ್ತರಿಸಿ ಕೊಟ್ಟ ಕೋಳಿಗೆ ಯಾರೂ ಏನೂ ಸೇರಿಸಿರುವುದಿಲ್ಲ. ಬಾಯ್ಲರ್ ಕೋಳಿಯಲ್ಲಿ ತೊಡೆಯ ಭಾಗ ಕೇಳಿ ತನ್ನಿ, ಚರ್ಮ ತೆಗೆಸಿ, ಮೂಳೆ ಬಿಡಿಸಿ. ಎದೆ ಭಾಗ ಬೇಗ ಒಣಗುತ್ತದೆ. ಉಪ್ಪು ಕಡಿಮೆ ಮಾಡಿದಾಗ ಒಣಗಿದ ಮಾಂಸ ಇನ್ನೂ ಸಪ್ಪೆ ಅನ್ನಿಸುತ್ತದೆ. ಲಿವರ್ ಬೇಡ, ಅದರಲ್ಲಿ ಫಾಸ್ಫರಸ್ ಮಾಂಸಕ್ಕಿಂತ ಜಾಸ್ತಿ.

ನಾಟಿ ಕೋಳಿ? ತಿನ್ನಬಹುದು. ಆದರೆ ನಾಟಿ ಕೋಳಿಯ ರುಚಿಯೆಲ್ಲ ಇರುವುದು ಸಾರಿನಲ್ಲಿ. ಒಂದೂವರೆ ಗಂಟೆ ಮೂಳೆ ಸಮೇತ ಕುದಿಸಿದ ಸಾರಿಗೆ ಫಾಸ್ಫರಸ್ ಜೊತೆಗೆ, ಸೋತ ಕಿಡ್ನಿ ಸರಿಯಾಗಿ ಹೊರಹಾಕಲಾರದ ಇನ್ನೊಂದು ಖನಿಜ ಪೊಟ್ಯಾಸಿಯಂ ಕೂಡ ಇಳಿದಿರುತ್ತದೆ. ಇನ್ನು ಕಾಲು ಸೂಪ್ ವಿಷಯ. ನನಗೆ ಕಿಡ್ನಿ ತೊಂದರೆ ಅಂತ ತಿಳಿದ ವಾರವೇ ಮೂರು ಮನೆಯಿಂದ ಕಾಲು ಸೂಪ್ ಬಂತು. 'ಶಕ್ತಿ ಬರುತ್ತೆ ಕುಡೀರಣ್ಣ' ಅಂತ. ಅವರ ಪ್ರೀತಿಗೆ ಬೆಲೆ ಕಟ್ಟಲಾಗದು. ಆದರೆ ಆ ಸೂಪು ನಮಗಲ್ಲ. ಮಗನಿಗೆ ಕುಡಿಸಿದೆ.

ಮಸಾಲೆ ಪುಡಿ

ಅಂಗಡಿಯ ಚಿಕನ್ ಮಸಾಲೆ, ಕಬಾಬ್ ಪುಡಿ ಪ್ಯಾಕೆಟ್ ತಿರುಗಿಸಿ ನೋಡಿ. ಎಷ್ಟೋ ಪುಡಿಗಳಲ್ಲಿ ಉಪ್ಪು ಆಗಲೇ ಬೆರೆತಿರುತ್ತದೆ. ಬಾಟಲಿಯ ಶುಂಠಿ ಬೆಳ್ಳುಳ್ಳಿ ಪೇಸ್ಟಿನಲ್ಲೂ ಕೆಡದಿರಲಿ ಅಂತ ಉಪ್ಪು ಹಾಕಿರುತ್ತಾರೆ. ಸೋಯಾ ಸಾಸ್ ಒಂದು ದೊಡ್ಡ ಚಮಚಕ್ಕೆ ಹತ್ತಿರ ಹತ್ತಿರ 900 ಮಿಲಿಗ್ರಾಂ ಸೋಡಿಯಂ. ಅಡುಗೆ ಸೋಡಾ, ಅಜಿನೊಮೊಟೊ ಇವುಗಳಲ್ಲೂ ಸೋಡಿಯಂ ಇದೆ, ನಾಲಿಗೆಗೆ ಉಪ್ಪು ಅನ್ನಿಸುವುದಿಲ್ಲ ಅಷ್ಟೇ.

ಹಾಗಾಗಿ ಪುಡಿ ಮನೆಯಲ್ಲೇ ಮಾಡಿ. ಧನಿಯ ನಾಲ್ಕು ಚಮಚ, ಕಾಳುಮೆಣಸು ಎರಡು, ಜೀರಿಗೆ ಒಂದು, ಸೋಂಪು ಅರ್ಧ ಚಮಚ. ಬ್ಯಾಡಗಿ ಮೆಣಸಿನಕಾಯಿ ಐದು, ಬೆರಳುದ್ದ ಚಕ್ಕೆ, ಲವಂಗ ಆರು, ಮರಾಠಿ ಮೊಗ್ಗು ಒಂದು, ಒಂದು ಚಿಟಿಕೆ ಕಲ್ಲುಹೂವು. ಸಣ್ಣ ಉರಿಯಲ್ಲಿ ಬೇರೆಬೇರೆಯಾಗಿ ಹುರಿಯಿರಿ. ಧನಿಯ ಸ್ವಲ್ಪ ಜಾಸ್ತಿಯೇ ಕೆಂಪಾಗಲಿ. ಉಪ್ಪು ಇಲ್ಲದ ಕಡೆ ಹುರಿದ ಘಮ ಕೆಲಸ ಮಾಡುತ್ತದೆ. ತರಿತರಿಯಾಗಿ ಪುಡಿ ಮಾಡಿ ಬಾಟಲಿಗೆ ತುಂಬಿ.

ನಮ್ಮ ಕಡೆ ಸಾರು ಗಟ್ಟಿಯಾಗಲಿ ಅಂತ ಗಸಗಸೆ, ಹುರಿಗಡಲೆ ರುಬ್ಬಿ ಹಾಕುತ್ತೇವೆ. ಕೆಲವರು ಗೋಡಂಬಿ ಕೂಡ. ಮೂರೂ ಬಿಡಿ, ಫಾಸ್ಫರಸ್ ಜಾಸ್ತಿ. ತೆಂಗಿನಕಾಯಿ, ಟೊಮೆಟೊ, ಹುಣಸೆಹುಳಿಯಲ್ಲಿ ಪೊಟ್ಯಾಸಿಯಂ ಇದೆ. ನಿಮ್ಮ ಪೊಟ್ಯಾಸಿಯಂ ಸರಿ ಇದ್ದರೆ ಒಂದು ಚಮಚ ಕಾಯಿತುರಿಗೆ ಯಾರೂ ಬೈಯುವುದಿಲ್ಲ. ಒಂದು ಹೋಳು ಪೂರಾ ರುಬ್ಬಿ ಹಾಕುವ ಕಾಲ ಮುಗಿಯಿತು, ಅಷ್ಟೇ. ಹುಳಿಗೆ ನಾನು ನಿಂಬೆಹಣ್ಣು ನೆಚ್ಚಿಕೊಂಡಿದ್ದೇನೆ. ಮಂಗಳೂರು ಕಡೆಯವರಿಗೆ ಒಂದು ಮಾತು: ಹುಳಿಗೆ ಅಂತ ದಾರೆಹುಳಿ, ಬಿಂಬುಳಿ ಹಾಕಲೇಬೇಡಿ. ದಾರೆಹುಳಿ ಅಂದರೆ ನಮ್ಮ ಕಡೆಯ ಕಮರಾಕ್ಷಿ. ಕಿಡ್ನಿ ಸೋತವರಿಗೆ ಅದು ವಿಷವೇ. ಬಿಕ್ಕಳಿಕೆಯಿಂದ ಶುರುವಾಗಿ ಪ್ರಜ್ಞೆ ತಪ್ಪುವವರೆಗೂ ಹೋಗಬಹುದು.

ಈಗ ಒಲೆ ಹತ್ತಿರ ಬನ್ನಿ

ಹೋಟೆಲಿನಲ್ಲಿ ಒಂದು ಕೆಜಿ ಕೋಳಿಗೆ ಮೂರು ಸಲ ಉಪ್ಪು ಬೀಳುತ್ತದೆ. ಅರಿಶಿನ ಹಾಕಿ ಬೇಯಿಸುವಾಗ ಒಂದು ಚಮಚ, ಮಸಾಲೆ ಕುದಿಯುವಾಗ ಇನ್ನೊಂದು, ಇಳಿಸುವಾಗ ರುಚಿ ನೋಡಿ ಅರ್ಧ. ಆರು ಪ್ಲೇಟ್ ಮಾಡಿದರೆ ಒಂದೊಂದರಲ್ಲಿ 900 ಮಿಲಿಗ್ರಾಂ ಸೋಡಿಯಂ. ನಮಗೆ ಇಡೀ ದಿನಕ್ಕೆ 2000, ಅಂದರೆ ಒಟ್ಟು 5 ಗ್ರಾಂ ಉಪ್ಪು. ಒಂದು ಪ್ಲೇಟಿಗೆ ಅರ್ಧ ದಿನದ್ದು ಮುಗಿಯಿತು.

ಅದರಲ್ಲಿ ಮೊದಲೆರಡು ಸಲದ ಉಪ್ಪು ಮಾಂಸದ ಒಳಗೆ, ಸಾರಿನೊಳಗೆ ಸೇರಿಹೋಗುತ್ತದೆ. ನಾಲಿಗೆ ಮೊದಲು ಮುಟ್ಟುವುದು ತುಂಡಿನ ಮೇಲ್ಮೈಯನ್ನು. ಇದು ಹೊಳೆದ ದಿನ ನನ್ನ ಸಮಸ್ಯೆ ಅರ್ಧ ಬಗೆಹರಿಯಿತು. ಉಪ್ಪಿಲ್ಲದೆ ಬೇಯಿಸಬೇಕು, ಕೊನೆಯಲ್ಲಿ ಮೇಲಿಂದ ಮಾತ್ರ ಉದುರಿಸಬೇಕು. ಸ್ವಲ್ಪವೇ ಉಪ್ಪು, ಆದರೆ ಪೂರಾ ನಾಲಿಗೆಗೆ ಸಿಗುತ್ತದೆ.

ಮನೆಮಂದಿಗೆಲ್ಲ ಸೇರಿ ಅರ್ಧ ಕೆಜಿ ಮಾಡುವ ಕ್ರಮ ಹೇಳುತ್ತೇನೆ.

ಮಾಂಸವನ್ನು ಸಣ್ಣ ತುಂಡು ಮಾಡಿ. ತುಂಡು ಸಣ್ಣದಾದಷ್ಟೂ ಮಸಾಲೆ ಹಿಡಿಯುವ ಜಾಗ ಜಾಸ್ತಿ. ನನ್ನ ಫಾಸ್ಫರಸ್ 5.2 ಇತ್ತು, 4.5 ದಾಟಬಾರದು. ಹಾಗಾಗಿ ನಾನು ಒಂದು ಕೆಲಸ ಹೆಚ್ಚಿಗೆ ಮಾಡುತ್ತೇನೆ: ಎರಡು ಲೀಟರ್ ನೀರು ಕುದಿಸಿ, ತುಂಡುಗಳನ್ನು ಏಳೆಂಟು ನಿಮಿಷ ಬೇಯಿಸಿ, ಆ ನೀರನ್ನು ಚೆಲ್ಲುತ್ತೇನೆ. ಪೊಟ್ಯಾಸಿಯಂ, ಫಾಸ್ಫರಸ್ ಒಂದಷ್ಟು ನೀರಿನ ಜೊತೆ ಹೋಗುತ್ತದೆ. ಮೊದಲ ಸಲ ಆ ನೀರು ಮೋರಿಗೆ ಸುರಿಯುವಾಗ ಕರುಳು ಚುರುಕ್ ಅಂದಿತು. ಹೋಟೆಲಿನವನು ಕೋಳಿ ಬೆಂದ ನೀರು ಚೆಲ್ಲುವುದೇ? ಈಗ ಅಭ್ಯಾಸವಾಗಿದೆ. ನಿಮ್ಮ ರಿಪೋರ್ಟಿನಲ್ಲಿ ಅವೆರಡೂ ಸರಿಯಿದ್ದರೆ ಇದನ್ನು ಬಿಟ್ಟು ಮುಂದೆ ಹೋಗಿ.

ಶುಂಠಿ ಒಂದಿಂಚು, ಬೆಳ್ಳುಳ್ಳಿ ಎಂಟು ಎಸಳು ಕುಟ್ಟಾಣಿಯಲ್ಲಿ ಜಜ್ಜಿ. ಮಿಕ್ಸಿಗಿಂತ ಕುಟ್ಟಿದ್ದರ ಘಾಟು ಜಾಸ್ತಿ. ಅದಕ್ಕೆ ಒಂದು ನಿಂಬೆಹಣ್ಣಿನ ರಸ, ಕಾಲು ಚಮಚ ಅರಿಶಿನ, ಅರ್ಧ ಚಮಚ ಕುಟ್ಟಿದ ಮೆಣಸು, ಒಂದು ಚಮಚ ಎಣ್ಣೆ. ತುಂಡುಗಳಿಗೆ ಸವರಿ ಅರ್ಧ ಗಂಟೆ ಬಿಡಿ. ರಾತ್ರಿಯೆಲ್ಲ ಬಿಡಬೇಡಿ, ನಿಂಬೆರಸದಲ್ಲಿ ಮಾಂಸ ಪುಡಿಪುಡಿ ಆಗುತ್ತದೆ.

ಕಬ್ಬಿಣದ ಬಾಣಲೆಯಲ್ಲಿ ಎರಡು ಚಮಚ ಎಣ್ಣೆ ಕಾಯಿಸಿ. ಕರಿಬೇವು ಎರಡು ಎಸಳು, ಸೀಳಿದ ಹಸಿಮೆಣಸಿನಕಾಯಿ ಮೂರು, ಸಣ್ಣಗೆ ಹೆಚ್ಚಿದ ಈರುಳ್ಳಿ ಎರಡು. ಈರುಳ್ಳಿ ಬೇಗ ಬಾಡಲಿ ಅಂತ ಅಡುಗೆಯವರು ಉಪ್ಪು ಹಾಕುತ್ತಾರೆ. ನಿಮ್ಮ ಕೈಯೂ ಹಾಗೇ ಹೋಗುತ್ತದೆ, ತಡೆಯಿರಿ. ಉಪ್ಪಿಲ್ಲದೆ ಹದಿನೈದು ನಿಮಿಷ ಹಿಡಿಯುತ್ತದೆ. ಅವಸರ ಮಾಡದೆ ಕಂದು ಬಣ್ಣಕ್ಕೆ ಬರುವವರೆಗೆ ಹುರಿಯಿರಿ. ಈ ಸಿಹಿ ಇಲ್ಲದಿದ್ದರೆ ಕೊನೆಗೆ ಎಷ್ಟು ಮಸಾಲೆ ಸುರಿದರೂ ಸಪ್ಪೆಯೇ.

ಉರಿ ಜೋರು ಮಾಡಿ ಕೋಳಿ ಹಾಕಿ. ಎರಡು ನಿಮಿಷ ಸೌಟು ಮುಟ್ಟಬೇಡಿ, ತಳದ ಕಡೆ ಕೆಂಪಾಗಲಿ. ಆಮೇಲೆ ತಿರುವಿ, ಒಂದು ಕೈ ನೀರು ಚಿಮುಕಿಸಿ, ಮುಚ್ಚಳ ಮುಚ್ಚಿ ಸಣ್ಣ ಉರಿಯಲ್ಲಿ ಹತ್ತು ನಿಮಿಷ. ಮೊದಲು ಕುದಿಸದೆ ಹಸಿ ಮಾಂಸವನ್ನೇ ಹಾಕಿದ್ದರೆ ಇನ್ನೂ ಐದಾರು ನಿಮಿಷ ಬೇಕು. ತುಂಡು ಮುರಿದು ನೋಡಿ, ಒಳಗೆ ಗುಲಾಬಿ ಬಣ್ಣ ಉಳಿದಿರಬಾರದು. ಮುಚ್ಚಳ ತೆಗೆದು ಎರಡು ಚಮಚ ಪುಡಿ ಹಾಕಿ, ನೀರೆಲ್ಲ ಆರಿ ಮಸಾಲೆ ತುಂಡಿಗೆ ಅಂಟುವವರೆಗೆ ಹುರಿಯಿರಿ.

ಈಗ ನನ್ನ ಪಾಲು ಮೊದಲು ತೆಗೆದಿಡಿ. ಆಮೇಲೆ ಬಾಣಲೆಯಲ್ಲಿ ಉಳಿದದ್ದಕ್ಕೆ ಮನೆಯವರು ಎಷ್ಟು ಬೇಕೋ ಅಷ್ಟು ಉಪ್ಪು ಹಾಕಿಕೊಳ್ಳಲಿ. ಹೀಗೆ ಮಾಡುವುದರಿಂದ ನನಗೊಂದು ಅಡುಗೆ, ಅವರಿಗೊಂದು ಅಡುಗೆ ಅನ್ನುವ ರಗಳೆ ಇಲ್ಲ.

ನನ್ನ ತಟ್ಟೆಗೆ ಅರ್ಧ ನಿಂಬೆಹಣ್ಣು ಹಿಂಡಿ, ನುಣ್ಣಗೆ ಪುಡಿ ಮಾಡಿದ ಉಪ್ಪನ್ನು ಕಾಲು ಚಮಚದಲ್ಲಿ ಅರ್ಧದಷ್ಟು ತೆಗೆದುಕೊಂಡು ಒಂದು ಗೇಣು ಮೇಲಿಂದ ಉದುರಿಸುತ್ತೇನೆ. ಮೇಲಿಂದ ಉದುರಿಸಿದರೆ ಒಂದೇ ಕಡೆ ಬೀಳುವುದಿಲ್ಲ. ಅಷ್ಟರಲ್ಲಿ ಸುಮಾರು 300 ಮಿಲಿಗ್ರಾಂ ಸೋಡಿಯಂ. ಕೋಳಿಯಲ್ಲೇ ಇರುವುದೂ ಸೇರಿ ಮುನ್ನೂರೈವತ್ತರ ಆಸುಪಾಸು. ಹೋಟೆಲಿನ ಪ್ಲೇಟಿಗೆ ಹೋಲಿಸಿ ನೋಡಿ.

ಪಕ್ಕದಲ್ಲಿ ಅನ್ನ, ಹಸಿ ಈರುಳ್ಳಿ. ಉಪ್ಪಿನಕಾಯಿ, ಹಪ್ಪಳ ಬೇಡ. ಕೋಳಿಯಲ್ಲಿ ಉಳಿಸಿದ ಉಪ್ಪು ಅಲ್ಲಿ ಹೋಗಿಬಿಡುತ್ತದೆ. ಮುದ್ದೆ ಬಿಟ್ಟಿದ್ದು ನನಗೆ ಕೋಳಿ ಕಡಿಮೆ ಮಾಡಿದ್ದಕ್ಕಿಂತ ಕಷ್ಟವಾಯಿತು. ರಾಗಿಯಲ್ಲಿ ಪೊಟ್ಯಾಸಿಯಂ ನೂರು ಗ್ರಾಮಿಗೆ 400 ಮಿಲಿಗ್ರಾಂ ದಾಟುತ್ತದೆ, ಬಿಳಿ ಅಕ್ಕಿಯಲ್ಲಿ ಅದರ ಕಾಲುಭಾಗ. ಈಗ ಪೊಟ್ಯಾಸಿಯಂ ಇಳಿದಿದೆ, ವಾರಕ್ಕೆರಡು ಸಲ ಅರ್ಧ ಮುದ್ದೆಗೆ ಒಪ್ಪಿಗೆ ಸಿಕ್ಕಿದೆ. ಮಂಡ್ಯ ಸೀಮೆಯವನಿಗೆ ಅರ್ಧ ಮುದ್ದೆ ಅಂದರೆ ಎಲ್ಲರೂ ನಗುತ್ತಾರೆ, ನಗಲಿ.

ನಾನು ಮಾಡಿದ ಒಂದು ತಪ್ಪು

ಶುರುವಿನಲ್ಲಿ ಅತಿಬುದ್ಧಿವಂತಿಕೆ ಮಾಡಿದೆ. 'ಲೋ ಸೋಡಿಯಂ' ಅಂತ ಬರೆದಿದ್ದ ಉಪ್ಪಿನ ಪ್ಯಾಕೆಟ್ ತಂದು ಧಾರಾಳವಾಗಿ ಹಾಕಿಕೊಂಡೆ. ಸೋಡಿಯಂ ಕಡಿಮೆ ಅಲ್ವಾ, ಮತ್ತೇನು ಅಂತ. ಮುಂದಿನ ರಕ್ತ ಪರೀಕ್ಷೆಯಲ್ಲಿ ಪೊಟ್ಯಾಸಿಯಂ 5.9. ಡಾಕ್ಟರು ಗಾಬರಿಯಾಗಿ ಇಸಿಜಿ ಮಾಡಿಸಿದರು. ಏನು ತಿಂದೆ, ಏನು ಕುಡಿದೆ ಅಂತ ಎಲ್ಲ ಕೇಳಿ, ಎಳನೀರು ಕುಡಿದೆಯಾ ಅಂತಲೂ ಕೇಳಿದರು. ಕೊನೆಗೆ ಆ ಉಪ್ಪಿನ ಪ್ಯಾಕೆಟ್ ಸಿಕ್ಕಿಬಿತ್ತು. ಅಂಥ ಉಪ್ಪಿನಲ್ಲಿ ಸೋಡಿಯಂ ತೆಗೆದ ಜಾಗಕ್ಕೆ ಪೊಟ್ಯಾಸಿಯಂ ಕ್ಲೋರೈಡ್ ಹಾಕಿರುತ್ತಾರೆ. ಬೇರೆಯವರಿಗೆ ಒಳ್ಳೆಯದೇ ಇರಬಹುದು. ನಮಗೆ ಅದು ಹೃದಯದ ಬಡಿತಕ್ಕೇ ಕೈ ಹಾಕುತ್ತದೆ. ಸೈಂಧವ ಉಪ್ಪು, ಗುಲಾಬಿ ಉಪ್ಪು ಅಂತ ದುಬಾರಿ ಬೆಲೆ ಕೊಟ್ಟು ತರುವುದೂ ದಂಡ. ಬಣ್ಣ ಬೇರೆ, ಸೋಡಿಯಂ ಅದೇ.

ಬೀಗರ ಊಟಕ್ಕೆ ಹೋದಾಗ

ಹೋಗದೆ ಇರಲು ಆಗುವುದಿಲ್ಲ, ನಮ್ಮ ಕಡೆ ಬೀಗರ ಊಟ ತಪ್ಪಿಸಿದರೆ ಸಂಬಂಧವೇ ಕೆಡುತ್ತದೆ. ನಾನು ಹೋಗುವ ದಿನ ಬೆಳಗ್ಗೆ ತಿಂಡಿಗೆ ಉಪ್ಪಿಲ್ಲದ ಅಕ್ಕಿ ರೊಟ್ಟಿ ತಿಂದಿರುತ್ತೇನೆ. ಎಲೆಗೆ ಕೂತ ತಕ್ಷಣ ಉಪ್ಪು, ಉಪ್ಪಿನಕಾಯಿಯನ್ನು ಪಕ್ಕದವರ ಎಲೆಗೆ ಸರಿಸುತ್ತೇನೆ. ಸಾರು, ಬೋಟಿ ಗೊಜ್ಜು, ಕೈಮಾ ಬೇಡ ಅನ್ನುತ್ತೇನೆ. ಕೋಳಿ ಫ್ರೈ ಬಂದಾಗ ಎರಡು ತುಂಡು ಹಾಕಿಸಿಕೊಂಡು, ಮೇಲಿನ ಮಸಾಲೆಯನ್ನು ಅನ್ನಕ್ಕೆ ಒರೆಸಿ, ಆ ಅನ್ನವನ್ನು ಎಲೆಯ ಮೂಲೆಗೆ ತಳ್ಳುತ್ತೇನೆ. ರಾತ್ರಿಗೆ ಬರೀ ಅನ್ನ, ಉಪ್ಪಿಲ್ಲದ ಮಜ್ಜಿಗೆ.

ಬಡಿಸುವ ಹುಡುಗರು ಬಿಡುವುದಿಲ್ಲ, 'ಇನ್ನೊಂದ್ ಪೀಸ್ ಹಾಕ್ಸ್ಕೊಳ್ಳಿ ಯಜಮಾನ್ರೇ' ಅಂತ ಸೌಟು ಹಿಡಿದು ನಿಲ್ಲುತ್ತಾರೆ. ಡಾಕ್ಟರು, ಕಿಡ್ನಿ ಅಂತೆಲ್ಲ ಹೇಳಲು ಹೋದರೆ ಪಂಕ್ತಿಯವರೆಲ್ಲ ತಲಾ ಒಂದು ನಾಟಿ ಔಷಧಿ ಹೇಳುತ್ತಾರೆ. ಅದಕ್ಕೆ ನಾನು 'ಈಗ ತಾನೇ ಹಾಕಿಸ್ಕೊಂಡೆ ಕಣಪ್ಪ' ಅಂದು ಎಲೆಯ ಮೇಲೆ ಕೈ ಅಡ್ಡ ಹಿಡಿಯುತ್ತೇನೆ.

ನಾಲಿಗೆ ಬದಲಾಗಲು ನನಗೆ ಎರಡು ತಿಂಗಳು ಹಿಡಿಯಿತು. ಆಮೇಲೊಂದು ದಿನ ಹೋಟೆಲಿಗೆ ಹೋಗಿ ಮಗ ಮಾಡಿದ ಪೆಪ್ಪರ್ ಚಿಕನ್ ಒಂದು ತುಂಡು ಬಾಯಿಗಿಟ್ಟೆ. 'ಏನೋ ಇದು, ಉಪ್ಪಿನ ಮೂಟೆ ಸುರಿದಿದ್ದೀಯಾ?' ಅಂದೆ. 'ಅಪ್ಪ, ನೀನು ಹೇಳಿಕೊಟ್ಟ ಅಳತೆಯೇ' ಅಂದ.

ಈಗ ತಿಂಗಳಿಗೊಮ್ಮೆ ಒಂದು ಕೆಜಿ ಮಾಂಸ ತಂದು, 70 ಗ್ರಾಮಿನಂತೆ ತೂಗಿ, ಸಣ್ಣ ಸಣ್ಣ ಪೊಟ್ಟಣ ಕಟ್ಟಿ ಫ್ರೀಜರ್‌ಗೆ ಹಾಕಿಬಿಡುತ್ತೇವೆ. ಬೇಕಾದ ದಿನದ ಹಿಂದಿನ ರಾತ್ರಿ ಒಂದನ್ನು ತೆಗೆದು ಫ್ರಿಜ್ಜಿನ ಕೆಳಗಿನ ಖಾನೆಗೆ ಇಳಿಸಿದರೆ ಬೆಳಗ್ಗೆ ಹೊತ್ತಿಗೆ ಕರಗಿರುತ್ತದೆ. ಪೊಟ್ಟಣದ ಮೇಲೆ ಸೊಸೆ ಸ್ಕೆಚ್ ಪೆನ್ನಿನಲ್ಲಿ 'ಮಾವ' ಅಂತ ಬರೆದು ತಾರೀಕು ಹಾಕುತ್ತಾಳೆ.